ಒಂದೇ ನುಡಿ, ಬೇರೆ ನಡೆ

(ಫ್ರೆಂಚ್ ನುಡಿಯ ಸ್ವಿಟ್ಜರ್ಲೆಂಡಿನ ನಿತ್ಯಜೀವನದಿಂದ ಒಂದು ಪಾಠ)

“ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು” ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಸುತ್ತುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಓದುವ ಅನುಕೂಲವನ್ನು ಶಾಲೆ ಒದಗಿಸಿಕೊಡುತ್ತದೆ. ಆದರೆ ದೇಶ ಸುತ್ತಿ ಬಂದವರ ಬರಹಗಳನ್ನು ತೆರೆದು ನೋಡಿದರೆ ಅಲ್ಲಿ ಹೆಚ್ಚಾಗಿ ಕಾಣುವುದು ಗೋಪುರಗಳು, ಸೇತುವೆಗಳು, ಹಿಮದ ಶಿಖರಗಳು. ಆ ನಾಡಿನವರು ಅಂಗಡಿಯನ್ನು ಹೊಕ್ಕಾಗ ಮೊದಲು ಯಾವ ಮಾತನ್ನಾಡುವರು, ಎಪ್ಪತ್ತು ಎಂಬ ಸಂಖ್ಯೆಗೆ ಏನೆನ್ನುವರು, ಮಧ್ಯಾಹ್ನದ ಊಟವನ್ನು ಯಾವ ಹೆಸರಿನಿಂದ ಕರೆಯುವರು, ಅವರ ಮಕ್ಕಳು ಶಾಲೆಗೆ ಹೇಗೆ ಹೋಗುವರು ಎಂಬ ಸಂಗತಿಗಳು ಅಲ್ಲಿ ವಿರಳ. ಒಂದು ಜನದ ಬಾಳು ನಮಗೆ ತಿಳಿಯುವುದು ಇಂಥ ಸಣ್ಣ ಸಂಗತಿಗಳಿಂದಲೇ.

ಫ್ರೆಂಚ್ ಎಂದೊಡನೆ ನಮಗೆ ನೆನಪಾಗುವುದು ಫ್ರಾನ್ಸ್ ಮತ್ತು ಪ್ಯಾರಿಸ್ ನಗರ. ಆದರೆ ಆ ನುಡಿಯನ್ನಾಡುವವರು ಬೆಲ್ಜಿಯಮ್ಮಿನಲ್ಲಿದ್ದಾರೆ, ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿದ್ದಾರೆ, ಆಫ್ರಿಕದ ಅನೇಕ ದೇಶಗಳಲ್ಲಿದ್ದಾರೆ. ಸ್ವಿಟ್ಜರ್ಲೆಂಡಿನ ಪಶ್ಚಿಮ ಭಾಗದಲ್ಲಿಯೂ ಇದ್ದಾರೆ. ಈ ಲೇಖನದಲ್ಲಿ ನಾವು ಆ ಕೊನೆಯ ನಾಡನ್ನು ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣವುಂಟು. ಅಲ್ಲಿಯ ಫ್ರೆಂಚರು ತಮ್ಮ ದೇಶದಲ್ಲಿ ಅಲ್ಪಸಂಖ್ಯಾತರು. ಅವರ ನುಡಿಯ ಹಿರಿಯ ನಾಡು ಗಡಿಯ ಆಚೆಗಿದೆ. ಈಚೆಗೆ ಮತ್ತೊಂದು ದೊಡ್ಡ ನುಡಿಯ ನೆರೆಹೊರೆ. ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೆ ಈ ಪರಿಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ನಾಡಿನ ಪರಿಚಯ

ಸ್ವಿಟ್ಜರ್ಲೆಂಡ್ ೨೬ ಕ್ಯಾಂಟನ್‌ಗಳ ಒಕ್ಕೂಟ. ಕ್ಯಾಂಟನ್ ಎಂದರೆ ನಮ್ಮ ರಾಜ್ಯದಂತೆ ತನ್ನದೇ ಶಾಸನಸಭೆಯೂ ಶಿಕ್ಷಣ ವ್ಯವಸ್ಥೆಯೂ ಉಳ್ಳ ಪ್ರಾಂತ. ದೇಶಕ್ಕೆ ನಾಲ್ಕು ರಾಷ್ಟ್ರೀಯ ಭಾಷೆಗಳು: ಜರ್ಮನ್, ಫ್ರೆಂಚ್, ಇಟಾಲಿಯನ್ ಮತ್ತು ರೊಮಾನ್ಶ್. ನೂರಕ್ಕೆ ಒಬ್ಬರು ಕೂಡ ಆಡದ ರೊಮಾನ್ಶ್ ನುಡಿಗೆ ೧೯೩೮ರಲ್ಲಿ ಜನರೇ ಮತ ಹಾಕಿ ರಾಷ್ಟ್ರೀಯ ಭಾಷೆಯ ಸ್ಥಾನವನ್ನಿತ್ತರು. ಜರ್ಮನ್ ಆಡುವವರು ನೂರಕ್ಕೆ ಸುಮಾರು ೬೨. ಫ್ರೆಂಚ್ ಆಡುವವರು ಸುಮಾರು ೨೩. ಜಿನೀವಾ, ವೋ, ನ್ಯೂಶಾಟೆಲ್, ಜ್ಯೂರಾ ಎಂಬ ನಾಲ್ಕು ಕ್ಯಾಂಟನ್‌ಗಳಲ್ಲಿ ಫ್ರೆಂಚ್ ಒಂದೇ ಆಡಳಿತ ಭಾಷೆ. ಬರ್ನ್, ಫ್ರಿಬೂರ್, ವಾಲೇ ಎಂಬ ಮೂರರಲ್ಲಿ ಫ್ರೆಂಚ್ ಜರ್ಮನ್ ಎರಡೂ ಉಂಟು. ಇವುಗಳಲ್ಲಿ ಜ್ಯೂರಾ ಎಲ್ಲಕ್ಕಿಂತ ಕಿರಿಯದು. ಬರ್ನ್ ಕ್ಯಾಂಟನ್ನಿಗೆ ಸೇರಿದ್ದ ಅಲ್ಲಿಯ ಫ್ರೆಂಚ್ ಜನ ಬಹುಕಾಲ ಹೋರಾಡಿ, ಮತದಾನದ ಮೂಲಕ, ೧೯೭೯ರ ಜನವರಿ ೧ರಂದು ಪ್ರತ್ಯೇಕ ಕ್ಯಾಂಟನ್ನನ್ನು ಪಡೆದರು.

ಈ ನಾಡು ಭಾರತೀಯರಿಗೆ ತೀರ ಅಪರಿಚಿತವೂ ಅಲ್ಲ. ೧೯೩೧ರ ಡಿಸೆಂಬರಿನಲ್ಲಿ, ಲಂಡನ್ನಿನ ದುಂಡುಮೇಜಿನ ಪರಿಷತ್ತಿನಿಂದ ಹಿಂದಿರುಗುವಾಗ, ಮಹಾತ್ಮಾ ಗಾಂಧಿಯವರು ವೋ ಕ್ಯಾಂಟನ್ನಿನ ವಿಲ್‌ನವ್ ಎಂಬ ಊರಿನಲ್ಲಿ ಫ್ರೆಂಚ್ ಸಾಹಿತಿ ರೊಮೇನ್ ರೋಲಾ ಅವರ ಅತಿಥಿಗಳಾಗಿದ್ದರು. ರೋಲಾ ಅವರಿಗೆ ಇಂಗ್ಲಿಷ್ ಬಾರದು, ಗಾಂಧೀಜಿಯವರಿಗೆ ಫ್ರೆಂಚ್ ಬಾರದು. ರೋಲಾ ಅವರ ತಂಗಿ ಮದ್‌ಲೆನ್ ನಡುವೆ ಕುಳಿತು ಒಬ್ಬರ ಮಾತನ್ನು ಮತ್ತೊಬ್ಬರಿಗೆ ತಿಳಿಸುತ್ತಿದ್ದರು. ಎರಡು ನುಡಿ ಬಲ್ಲವರು ಎರಡು ಜನಗಳ ನಡುವೆ ಸೇತುವೆಯಾಗುವರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಅಂಗಡಿಯ ಹೊಸ್ತಿಲಲ್ಲಿ

ನಮ್ಮ ಊರಿನ ಅಂಗಡಿಗೆ ಹೋದವನು, “ಅಣ್ಣಾ, ಒಂದು ಸೇರು ಅಕ್ಕಿ ಕೊಡಿ” ಎಂದು ನೇರವಾಗಿ ಕೇಳುವನು. ಇದರಲ್ಲಿ ಒರಟುತನವಿಲ್ಲ. “ಅಣ್ಣಾ”, “ಅಕ್ಕಾ” ಎಂಬ ಸಂಬಂಧವಾಚಕದಲ್ಲಿಯೇ ನಮಸ್ಕಾರವೂ ಗೌರವವೂ ಸೇರಿಹೋಗಿದೆ. ಫ್ರೆಂಚ್ ನುಡಿಯಲ್ಲಿ ಅಪರಿಚಿತರನ್ನು ಅಣ್ಣ ಅಕ್ಕ ಎಂದು ಕರೆಯುವ ಪದ್ಧತಿಯಿಲ್ಲ. ಅದರ ಸ್ಥಾನದಲ್ಲಿ “ಬೊಂಜೂರ್” ಎಂಬ ಮಾತು ನಿಂತಿದೆ. “ಶುಭದಿನ” ಎಂದು ಅದರ ಅರ್ಥ. ಲೋಸಾನ್ ನಗರದ ಬ್ರೆಡ್ಡಿನ ಅಂಗಡಿಯನ್ನು ಹೊಕ್ಕವನು ಮೊದಲು “ಬೊಂಜೂರ್, ಮದಾಮ್” ಎನ್ನಬೇಕು. ಅಂಗಡಿಯಾಕೆಯೂ “ಬೊಂಜೂರ್” ಎಂದ ಮೇಲೆ ಬೇಕಾದುದನ್ನು ಕೇಳಬೇಕು. ಅದನ್ನು ಹೇಳದೆ, “ಒಂದು ಬ್ರೆಡ್ ಕೊಡಿ” ಎಂದು ಆರಂಭಿಸಿದರೆ ಎಷ್ಟೇ ಮೃದುವಾಗಿ ಕೇಳಿದರೂ ಆಕೆಗೆ ಅದು ಅವಿನಯವಾಗಿ ತೋರುವುದು. ವೈದ್ಯರ ಕೋಣೆಯ ಹೊರಗೆ ಕಾದು ಕುಳಿತ ನಾಲ್ವರು ಅಪರಿಚಿತರಿಗೂ ಒಳಬಂದವನು ಒಮ್ಮೆ “ಬೊಂಜೂರ್” ಹೇಳಿಯೇ ಕುಳಿತುಕೊಳ್ಳುವನು. ಬೆಟ್ಟದ ದಾರಿಯಲ್ಲಿ ಎದುರುಬದುರಾದವರೂ ಹಾಗೆಯೇ. ಅವರು ಸಂಬಂಧವನ್ನು ಕಲ್ಪಿಸಿ ಗೌರವಿಸುವುದಿಲ್ಲ. ದಿನವನ್ನು ಹರಸಿ ಗೌರವಿಸುವರು.

ವಂದನೆಯ ಮಾತಿನಲ್ಲಿ ಸ್ವಿಸ್ ಫ್ರೆಂಚರಿಗೂ ಪ್ಯಾರಿಸ್ಸಿನವರಿಗೂ ಸಣ್ಣ ಭೇದಗಳುಂಟು. “ಮೆರ್ಸಿ” ಎಂದರೆ ವಂದನೆ. ಅದಕ್ಕೆ ಉತ್ತರವಾಗಿ ಸ್ವಿಸ್ ಫ್ರೆಂಚನು “ಸೆರ್ವಿಸ್” ಎನ್ನುವನು. ನಿಮ್ಮ ಸೇವೆಗಿದ್ದೇನೆ ಎಂಬ ಭಾವ. ಪ್ಯಾರಿಸ್ಸಿನಲ್ಲಿ ಹೀಗೆಂದರೆ ಕೇಳಿದವನು ಹುಬ್ಬೇರಿಸುವನು. “ಆದ್ಯೂ” ಎಂಬ ಮಾತನ್ನು ಫ್ರಾನ್ಸಿನ ಬಹುಭಾಗದಲ್ಲಿ ಕೊನೆಯ ಅಗಲಿಕೆಗೆ ಬಳಸುವರು. ವೋ ಪ್ರಾಂತದ ಹಳಬರಾದರೋ ಪರಿಚಿತರನ್ನು ಕಂಡೊಡನೆ ಅದೇ “ಆದ್ಯೂ” ಹೇಳಿ ಮಾತು ತೆಗೆಯುವರು. ಒಂದೇ ಶಬ್ದ, ಒಂದೆಡೆ ಬೀಳ್ಕೊಡುಗೆ, ಇನ್ನೊಂದೆಡೆ ಸ್ವಾಗತ.

ನಮ್ಮ “ನೀನು”, “ನೀವು” ಎಂಬ ಭೇದ ಫ್ರೆಂಚಿನಲ್ಲಿಯೂ ಇದೆ: “ತ್ಯು” ಮತ್ತು “ವೂ”. ಅಪರಿಚಿತರಿಗೆ, ಹಿರಿಯರಿಗೆ, ಅಧಿಕಾರಿಗಳಿಗೆ “ವೂ”. ಮನೆಯವರಿಗೆ, ಗೆಳೆಯರಿಗೆ, ಮಕ್ಕಳಿಗೆ “ತ್ಯು”. ಇಂಗ್ಲಿಷ್ ಮಾತ್ರ ಬಲ್ಲವನಿಗೆ ಇದನ್ನು ಕಲಿಯುವುದು ಕಷ್ಟ; ಕನ್ನಡ ಬಲ್ಲವನಿಗೆ ಸುಲಭ. ತಾಯ್ನುಡಿ ಚೆನ್ನಾಗಿ ಬಂದರೆ ಪರನುಡಿಯ ಬಾಗಿಲು ತೆರೆಯುವುದು ಎಂದು ಉಪಾಧ್ಯಾಯರು ಹೇಳುವುದು ಇಂಥ ಕಡೆ ಪ್ರತ್ಯಕ್ಷವಾಗುತ್ತದೆ.

ಬಂಧುಮಿತ್ರರು ಸೇರಿದಾಗ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಡುವ ರೂಢಿಯುಂಟು. ಫ್ರೆಂಚ್ ಸ್ವಿಟ್ಜರ್ಲೆಂಡಿನಲ್ಲಿ ಇದು ಸಾಮಾನ್ಯವಾಗಿ ಮೂರು ಸಲ. ಫ್ರಾನ್ಸಿನ ಅನೇಕ ಪ್ರದೇಶಗಳಲ್ಲಿ ಎರಡು ಸಲ. ಕೈಮುಗಿದು ನಮಸ್ಕರಿಸುವ ನಮಗೆ ಇದು ಸಂಕೋಚವನ್ನುಂಟುಮಾಡಬಹುದು. ಹೊಸಬನು ಕೈ ಚಾಚಿದರೆ ಸಾಕು, ಅವರೂ ಕೈ ಕುಲುಕುವರು, ಅದರಲ್ಲಿ ತಪ್ಪೆಣಿಸುವುದಿಲ್ಲ.

ಎಪ್ಪತ್ತು, ಎಂಬತ್ತು, ತೊಂಬತ್ತು

ಇನ್ನು ಎಣಿಕೆಗೆ ಬರೋಣ. ಪ್ಯಾರಿಸ್ಸಿನ ಶಾಲೆಯಲ್ಲಿ ಮಕ್ಕಳು ಅರವತ್ತರವರೆಗೆ ನಮ್ಮಂತೆಯೇ ಹತ್ತು ಹತ್ತಾಗಿ ಎಣಿಸುವರು. ಆ ಮೇಲೆ ದಾರಿ ಬದಲಾಗುತ್ತದೆ. ಎಪ್ಪತ್ತಕ್ಕೆ “ಸ್ವಾಸಾಂತ್-ದಿಸ್”, ಅಂದರೆ ಅರವತ್ತು-ಹತ್ತು. ಎಂಬತ್ತಕ್ಕೆ “ಕಾತ್ರ್-ವ್ಯಾಂ”, ಅಂದರೆ ನಾಲ್ಕು ಇಪ್ಪತ್ತು. ತೊಂಬತ್ತಕ್ಕೆ ನಾಲ್ಕು ಇಪ್ಪತ್ತು-ಹತ್ತು. ತೊಂಬತ್ತೊಂಬತ್ತಕ್ಕೆ ನಾಲ್ಕು ಇಪ್ಪತ್ತು-ಹತ್ತು-ಒಂಬತ್ತು! ಇಪ್ಪತ್ತನ್ನು ಗುಂಪಾಗಿಟ್ಟು ಎಣಿಸುವ ಹಳೆಯ ಪದ್ಧತಿಯ ಗುರುತು ಇದು.

ಸ್ವಿಸ್ ಫ್ರೆಂಚ್ ಮಗುವಿಗೆ ಈ ತೊಡಕು ಇಲ್ಲ. ಎಪ್ಪತ್ತಕ್ಕೆ “ಸೆಪ್ತಾಂತ್”, ತೊಂಬತ್ತಕ್ಕೆ “ನೊನಾಂತ್”. ಏಳರಿಂದ ಎಪ್ಪತ್ತು, ಒಂಬತ್ತರಿಂದ ತೊಂಬತ್ತು ಹುಟ್ಟಿದಂತೆಯೇ ಇವೂ ಹುಟ್ಟಿವೆ. ಎಂಬತ್ತಕ್ಕೆ ವೋ, ವಾಲೇ, ಫ್ರಿಬೂರ್ ಪ್ರಾಂತಗಳಲ್ಲಿ “ವಿತಾಂತ್” ಎನ್ನುವರು. ಜಿನೀವಾದವರಾದರೋ ಪ್ಯಾರಿಸ್ಸಿನಂತೆ “ನಾಲ್ಕು ಇಪ್ಪತ್ತು” ಎನ್ನುವರು. ಬೆಲ್ಜಿಯಮ್ಮಿನವರಿಗೂ “ಸೆಪ್ತಾಂತ್”, “ನೊನಾಂತ್” ಉಂಟು.

ಊಟಗಳ ಹೆಸರಿನಲ್ಲಿಯೂ ಇಂಥದೇ ಭೇದ. ಪ್ಯಾರಿಸ್ಸಿನಲ್ಲಿ “ದೆಜೆನೆ” ಎಂದರೆ ಮಧ್ಯಾಹ್ನದ ಊಟ, “ದಿನೆ” ಎಂದರೆ ರಾತ್ರಿಯ ಊಟ. ಸ್ವಿಸ್ ಫ್ರೆಂಚರಿಗೆ “ದೆಜೆನೆ” ಬೆಳಗಿನ ಉಪಾಹಾರ, “ದಿನೆ” ಮಧ್ಯಾಹ್ನದ ಊಟ, ರಾತ್ರಿಯದು “ಸೂಪೆ”. ಲೋಸಾನಿನ ಸ್ನೇಹಿತನು “ದಿನೆಗೆ ಬನ್ನಿ” ಎಂದರೆ ಪ್ಯಾರಿಸ್ಸಿನ ಫ್ರೆಂಚ್ ಕಲಿತ ಯಾತ್ರಿಕನು ರಾತ್ರಿ ಹೋಗಿ ಬಾಗಿಲು ತಟ್ಟಬಹುದು. ಊಟವೋ ಮಧ್ಯಾಹ್ನವೇ ಮುಗಿದಿರುತ್ತದೆ.

ಇಲ್ಲಿ ಯಾರದು ಸರಿ, ಯಾರದು ತಪ್ಪು? ಊಟದ ಹೆಸರುಗಳಲ್ಲಿ ಸ್ವಿಸ್ ಜನ, ಬೆಲ್ಜಿಯನ್ನರು, ಕ್ವಿಬೆಕ್ಕಿನವರು ಹಳೆಯ ಬಳಕೆಯನ್ನೇ ಉಳಿಸಿಕೊಂಡರು, ರಾಜಧಾನಿಯು ಬದಲಾಯಿಸಿಕೊಂಡಿತು. ಆದರೂ ಬಹುಕಾಲ ಪ್ಯಾರಿಸ್ಸಿನ ಬಳಕೆಯೇ ಶುದ್ಧ, ಉಳಿದುದೆಲ್ಲ ಹಳ್ಳಿಗಾಡಿನದು ಎಂಬ ಭಾವನೆ ಹರಡಿತ್ತು. ಈಗ ಸ್ವಿಸ್ ಫ್ರೆಂಚಿನ ಶಬ್ದಗಳಿಗೆಂದೇ ಪ್ರತ್ಯೇಕ ನಿಘಂಟುಗಳಿವೆ. ಗಡಿನಾಡಿನ ಮಕ್ಕಳು ಇದನ್ನು ಚೆನ್ನಾಗಿ ಗಮನಿಸಬೇಕು. ಮೈಸೂರಿನವರು “ಬರ್ತೀನಿ” ಎನ್ನುವರು, ಕರಾವಳಿಯವರು “ಬರ್ತೇನೆ” ಎನ್ನುವರು, ಸೊಲ್ಲಾಪುರ ಅಕ್ಕಲಕೋಟೆಗಳ ಕಡೆ “ರೀ” ಸೇರದೆ ಗೌರವದ ಮಾತು ಮುಗಿಯುವುದಿಲ್ಲ. ಒಬ್ಬರಿಗೆ “ತಿಂಡಿ”, ಮತ್ತೊಬ್ಬರಿಗೆ “ನಾಷ್ಟಾ”. ಒಬ್ಬರಿಗೆ “ಚಾ”, ಮತ್ತೊಬ್ಬರಿಗೆ “ಚಹಾ”. ಬರವಣಿಗೆಗೆ ಪುಸ್ತಕದ ಕನ್ನಡ ಬೇಕೇ ಬೇಕು. ಆದರೆ ಮನೆಯ ಕನ್ನಡವನ್ನು ಕುರಿತು ನಾಚಬೇಕಾದುದಿಲ್ಲ. ಬೆಂಗಳೂರಿಗೆ ದೂರವಾದ ಮಾತ್ರಕ್ಕೆ ಒಂದು ಶಬ್ದ ತಪ್ಪಾಗದು.

ಊಟದ ಮೇಜು, ಊರಿನ ಕಾರಂಜಿ

ಫ್ರಿಬೂರ್ ಕ್ಯಾಂಟನ್ನಿನ ಗ್ರ್ಯುಯೇರ್ ಸೀಮೆ ಹಾಲು ಚೀಸುಗಳಿಗೆ ಹೆಸರಾದುದು. ಅಲ್ಲಿಯ ಚೀಸನ್ನು ಬಿಳಿ ದ್ರಾಕ್ಷಾಮದ್ಯದೊಡನೆ ಕರಗಿಸಿ ಮಾಡುವ “ಫೊಂದ್ಯು” ಎಂಬ ಅಡುಗೆಯನ್ನು ಚಳಿಗಾಲದಲ್ಲಿ ಬಹಳ ಮೆಚ್ಚಿ ಉಣ್ಣುವರು. ಮೇಜಿನ ನಡುವೆ ಸಣ್ಣ ಒಲೆ. ಅದರ ಮೇಲೆ ಒಂದೇ ಪಾತ್ರೆ. ಸುತ್ತಲೂ ಕುಳಿತವರು ಉದ್ದವಾದ ಮುಳ್ಳುಚಮಚಕ್ಕೆ ಬ್ರೆಡ್ಡಿನ ತುಂಡನ್ನು ಸಿಕ್ಕಿಸಿ ಆ ಪಾತ್ರೆಯಲ್ಲದ್ದಿ ತಿನ್ನುವರು. ನಮ್ಮವರು ಇದನ್ನು ಕಂಡೊಡನೆ “ಎಂಜಲಾಗದೇ?” ಎಂದು ಕೇಳದಿರರು. ಅವರಲ್ಲಿಯೂ ಅದಕ್ಕೊಂದು ಶಿಷ್ಟಾಚಾರವಿದೆ: ಬ್ರೆಡ್ಡನ್ನು ಹಲ್ಲಿನಿಂದ ಮೆಲ್ಲನೆ ಎಳೆದುಕೊಳ್ಳಬೇಕು, ಮುಳ್ಳುಚಮಚಕ್ಕೆ ತುಟಿ ನಾಲಗೆ ತಾಗಬಾರದು. ಎಂಜಲು ಎಂಬ ಒಂದು ಶಬ್ದ ಅವರಲ್ಲಿಲ್ಲದಿದ್ದರೂ ಪಾತ್ರೆಯನ್ನು ಶುಚಿಯಾಗಿಡುವ ವಿವೇಕವಿದೆ. ಸಸ್ಯಾಹಾರಿಗಳೂ ಮದ್ಯವನ್ನು ವರ್ಜಿಸಿದವರೂ ಇಂಥ ಕಡೆ ಮೊದಲೇ ವಿಚಾರಿಸಿಕೊಳ್ಳುವುದು ಲೇಸು; ಸೌಮ್ಯವಾಗಿ ತಿಳಿಸಿದರೆ ಯಾರೂ ಬೇಸರಗೊಳ್ಳುವುದಿಲ್ಲ.

ಹಳ್ಳಿಗಳ ನಡುವೆ ಕಲ್ಲಿನ ತೊಟ್ಟಿಗೆ ಸದಾ ನೀರು ಸುರಿಯುವ ಕಾರಂಜಿಗಳಿವೆ. ಆ ನೀರು ಬಹುಮಟ್ಟಿಗೆ ಕುಡಿಯಲು ಯೋಗ್ಯ. ಕುಡಿಯಬಾರದ ಕಡೆ ಹಾಗೆಂದು ಫಲಕವನ್ನು ಹಾಕಿರುವರು. ಬಾವಿ ಕೊಳಗಳ ಬಳಿ ಊರವರು ಸೇರುತ್ತಿದ್ದ ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಈ ಕಾರಂಜಿಯ ಕಟ್ಟೆ ಪರಕೀಯವೆನಿಸದು.

ಭಾನುವಾರ ಊರೆಲ್ಲ ಮೌನ. ಬಹುತೇಕ ಅಂಗಡಿಗಳು ಮುಚ್ಚಿರುವುವು. ಹುಲ್ಲು ಕತ್ತರಿಸುವ ಯಂತ್ರದ ಸದ್ದಿಲ್ಲ. ಗಾಜಿನ ಖಾಲಿ ಸೀಸೆಗಳನ್ನು ಸಾರ್ವಜನಿಕ ಡಬ್ಬಿಗೆ ಹಾಕುವುದು ಕೂಡ ಅಂದು ನಿಷಿದ್ಧ. ಸೀಸೆ ಒಡೆಯುವ ಸದ್ದಿನಿಂದ ನೆರೆಯವರ ವಿಶ್ರಾಂತಿ ಕೆಡುವುದಲ್ಲವೇ? ಕಸದ ವಿಷಯದಲ್ಲಿಯೂ ಕಟ್ಟುನಿಟ್ಟು. ಲೋಸಾನಿನಲ್ಲಿ ೨೦೧೩ರಿಂದ ಮನೆಯ ಕಸವನ್ನು ತೆರಿಗೆ ಸೇರಿದ ಬೆಲೆ ತೆತ್ತು ಕೊಂಡ ಚೀಲದಲ್ಲಿಯೇ ಹಾಕಬೇಕು. ಹೆಚ್ಚು ಕಸ ಮಾಡಿದವನು ಹೆಚ್ಚು ತೆರಬೇಕು. ಕಾಗದ, ಗಾಜು, ತಗಡುಗಳನ್ನು ಬೇರ್ಪಡಿಸಿ ಕೊಟ್ಟರೆ ಆ ಚೀಲದ ಖರ್ಚು ಉಳಿಯುವುದು. ಬೀದಿಯ ಸ್ವಚ್ಛತೆಯನ್ನು ಹೊಗಳುವ ಯಾತ್ರಿಕರು ಅದರ ಹಿಂದಿರುವ ಈ ಲೆಕ್ಕಾಚಾರವನ್ನೂ ನೋಡಬೇಕು.

ಗಡಿಯಾರಗಳ ದೇಶದಲ್ಲಿ ಎಲ್ಲವೂ ಕ್ಷಣ ತಪ್ಪದೆ ನಡೆಯುವುದೆಂದು ನಾವು ಕೇಳಿದ್ದೇವೆ. ರೈಲುಗಳ ಮಟ್ಟಿಗೆ ಅದು ಬಹುಮಟ್ಟಿಗೆ ನಿಜ. ಆದರೆ ವೋ ಪ್ರಾಂತದವರು “ವೋದವರ ಕಾಲು ಗಂಟೆ” ಎಂದು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುವರು. ಸಭೆ ಸಮಾರಂಭಗಳಿಗೆ ಹದಿನೈದು ನಿಮಿಷ ತಡವಾಗಿ ಬಂದರೆ ಅದು ತಡವಲ್ಲವಂತೆ. ಒಂದು ದೇಶದವರೆಲ್ಲರೂ ಒಂದೇ ಅಚ್ಚಿನವರೆಂದು ಭಾವಿಸಬಾರದು.

ಶಾಲೆಯ ಮಕ್ಕಳು

ಅಲ್ಲಿ ಚಿಕ್ಕ ಮಕ್ಕಳು ಕೂಡ ನಡೆದೇ ಶಾಲೆಗೆ ಹೋಗುವುದು ಸಾಮಾನ್ಯ ನೋಟ. ವಾಹನದವರಿಗೆ ದೂರದಿಂದಲೇ ಕಾಣುವಂತೆ ಹೊಳೆಯುವ ಪಟ್ಟಿಯೊಂದನ್ನು ಎಳೆಯ ಮಕ್ಕಳು ಮೈಮೇಲೆ ಧರಿಸಿರುವರು. ಕೆಲವೆಡೆ ತಾಯಿತಂದೆಗಳು ಸರದಿಯ ಮೇಲೆ ಬೀದಿಯ ಹತ್ತಾರು ಮಕ್ಕಳನ್ನು ಸಾಲಾಗಿ ಕರೆದೊಯ್ಯುವರು; ಇದಕ್ಕೆ “ಪೆದಿಬ್ಯುಸ್”, ಕಾಲ್ನಡಿಗೆಯ ಬಸ್ಸು ಎಂದು ಹೆಸರು. ವೋ ಕ್ಯಾಂಟನ್ನಿನಲ್ಲಿ ಬುಧವಾರ ಮಧ್ಯಾಹ್ನ ಶಾಲೆಗೆ ಬಿಡುವು. ಅಂಕಗಳು ೧ರಿಂದ ೬ರವರೆಗೆ, ೬ ಅತ್ಯುತ್ತಮ. ನೆರೆಯ ಜರ್ಮನಿಯಲ್ಲಿ ೧ ಅತ್ಯುತ್ತಮ, ೬ ಅತ್ಯಂತ ಕೀಳು. ಫ್ರಾನ್ಸಿನಲ್ಲಿ ೨೦ಕ್ಕೆ ಅಂಕ. ಅಂಕಪಟ್ಟಿಯಲ್ಲಿ ೬ ಎಂಬುದನ್ನು ನೋಡಿ ಯಾವ ತಂದೆ ಹಿಗ್ಗಬೇಕು, ಯಾವ ತಂದೆ ಕುಗ್ಗಬೇಕು ಎಂಬುದು ಅವನಿರುವ ದೇಶವನ್ನು ಅವಲಂಬಿಸಿದೆ!

ಶಿಕ್ಷಣದ ಇತಿಹಾಸದಲ್ಲಿ ಈ ನಾಡಿಗೆ ಸ್ಥಾನವುಂಟು. ಜ್ಯೂರಿಕ್‌ನಲ್ಲಿ ೧೭೪೬ರಲ್ಲಿ ಹುಟ್ಟಿದ, ಜರ್ಮನ್ ಮನೆಮಾತಿನ ಪೆಸ್ಟಲೋಜಿಯವರು ಫ್ರೆಂಚ್ ನಾಡಿನ ಇವೆರ್ದೋ ಎಂಬ ಊರಿನ ಕೋಟೆಯಲ್ಲಿ ೧೮೦೫ರಿಂದ ೧೮೨೫ರವರೆಗೆ ಶಾಲೆ ನಡೆಸಿದರು. ಮಗುವು ಕಣ್ಣಾರೆ ಕಂಡು, ಕೈಯಾರೆ ಮಾಡಿ ಕಲಿಯಬೇಕು ಎಂಬುದು ಅವರ ತತ್ತ್ವ. ಎರಡೂ ನುಡಿಗಳ ಮಕ್ಕಳು ಅಲ್ಲಿ ಒಟ್ಟಿಗೆ ಕಲಿತರು.

ಈಗ ಫ್ರೆಂಚ್ ಕ್ಯಾಂಟನ್‌ಗಳ ಮಕ್ಕಳು ಸುಮಾರು ಎಂಟನೆಯ ವಯಸ್ಸಿನಲ್ಲಿ ಜರ್ಮನ್, ಹತ್ತನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯತೊಡಗುವರು. ಆದರೆ ಅವರಿಗೊಂದು ವಿಚಿತ್ರ ಕಷ್ಟವಿದೆ. ಶಾಲೆಯಲ್ಲಿ ಕಲಿಯುವುದು ಪುಸ್ತಕದ ಜರ್ಮನ್. ನೆರೆಯ ಕ್ಯಾಂಟನ್ನಿನ ಜನ ಮನೆಯಲ್ಲಿ ಬೀದಿಯಲ್ಲಿ ಆಡುವುದು ಸ್ವಿಸ್ ಜರ್ಮನ್. ಎರಡಕ್ಕೂ ಬಹಳ ಅಂತರ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗನಿಗೂ ಬರ್ನ್ ನಗರದ ಮಾರುಕಟ್ಟೆಯ ಮಾತು ಅರ್ಥವಾಗದೆ ಹೋಗಬಹುದು. ನೆರೆಯ ನುಡಿಯನ್ನು ಪುಸ್ತಕದಿಂದ ಮಾತ್ರ ಕಲಿತರೆ ಸಾಲದು, ಆಟದ ಬಯಲಿನಲ್ಲಿಯೂ ಕಲಿಯಬೇಕು ಎಂಬುದನ್ನು ಮಲಯಾಳ, ತಮಿಳು, ಮರಾಠಿ, ತೆಲುಗುಗಳ ನೆರೆಯಲ್ಲಿ ಬೆಳೆದ ನಮ್ಮ ಮಕ್ಕಳು ತಾವಾಗಿಯೇ ಬಲ್ಲರು. ಈ ವಿಷಯದಲ್ಲಿ ಅವರು ಭಾಗ್ಯಶಾಲಿಗಳು.

ಎರಡು ನುಡಿಗಳ ನಡುವೆ

ಜಿನೀವಾದಿಂದ ಬರ್ನ್ ಕಡೆಗೆ ಹೋಗುವ ರೈಲು ಲೋಸಾನ್, ಫ್ರಿಬೂರ್‌ಗಳ ಮೂಲಕ ಸಾಗುವುದು. ಫ್ರಿಬೂರ್ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಿಲ್ದಾಣಗಳ ಹೆಸರು ಜರ್ಮನ್ ಆಗುವುದು, ಡಬ್ಬಿಯೊಳಗಿನ ಪ್ರಕಟಣೆ ಜರ್ಮನ್ ಆಗುವುದು, ಟಿಕೇಟು ನೋಡುವವನ “ಬೊಂಜೂರ್” ಮಾಯವಾಗಿ ಜರ್ಮನ್ ವಂದನೆ ಕೇಳಿಬರುವುದು. ನಡುವೆ ಸುಂಕದ ಕಟ್ಟೆಯಿಲ್ಲ, ಬೇಲಿಯಿಲ್ಲ. ರೈಲಿನ ಮೈಮೇಲೆ ರೈಲ್ವೆ ಸಂಸ್ಥೆಯ ಹೆಸರು ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರರ ಮೊದಲಕ್ಷರಗಳಲ್ಲಿಯೂ ಇರುವುದು. ಅಲ್ಲಿಯ ನೋಟುಗಳ ಮೇಲೆ ನಾಲ್ಕು ಭಾಷೆಗಳಿವೆ. ನಮ್ಮ ಮಕ್ಕಳು ಮನೆಯಲ್ಲಿರುವ ಹತ್ತು ರೂಪಾಯಿಯ ನೋಟನ್ನು ತಿರುಗಿಸಿ ನೋಡಲಿ: ಒಂದರ ಕೆಳಗೊಂದಾಗಿ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇರುವುದು ಕಾಣುತ್ತದೆ.

ಈ ಭಾಷಾಗಡಿಗೆ ಜನ ಹಾಸ್ಯವಾಗಿ “ರೋಸ್ಟಿ ಕಂದಕ” ಎಂದು ಹೆಸರಿಟ್ಟಿದ್ದಾರೆ. ರೋಸ್ಟಿ ಎಂದರೆ ಆಲೂಗೆಡ್ಡೆಯನ್ನು ತುರಿದು ಹುರಿದು ಮಾಡುವ ಜರ್ಮನ್ ಸೀಮೆಯ ತಿನಿಸು. ಈ ಕಂದಕ ಚುನಾವಣೆಯ ದಿನ ಕಾಣುವುದುಂಟು. ೧೯೫೯ರಲ್ಲಿ ಸ್ತ್ರೀಯರಿಗೆ ಮತಾಧಿಕಾರ ಕೊಡಬೇಕೇ ಎಂಬ ಪ್ರಶ್ನೆ ಬಂದಾಗ ಇಡೀ ದೇಶ ಬೇಡವೆಂದಿತು; ಆದರೆ ಫ್ರೆಂಚ್ ಪ್ರಾಂತಗಳಾದ ವೋ ಮತ್ತು ನ್ಯೂಶಾಟೆಲ್ ಅದೇ ವರ್ಷ ತಮ್ಮ ಕ್ಯಾಂಟನ್ನಿನ ವ್ಯವಹಾರಗಳಲ್ಲಿ ಸ್ತ್ರೀಯರಿಗೆ ಆ ಹಕ್ಕನ್ನು ಕೊಟ್ಟುವು. ಒಕ್ಕೂಟದಲ್ಲಿ ಅವರಿಗೆ ಮತಾಧಿಕಾರ ದೊರೆತುದು ೧೯೭೧ರಲ್ಲಿ. ನಮ್ಮ ದೇಶದ ತಾಯಂದಿರು ೧೯೫೧–೫೨ರ ಮೊದಲ ಮಹಾಚುನಾವಣೆಯಲ್ಲಿಯೇ ಮತ ಹಾಕಿದ್ದರು. ಐರೋಪ್ಯರು ಎಲ್ಲದರಲ್ಲಿಯೂ ನಮಗಿಂತ ಮುಂದೆಂದು ತಿಳಿಯುವುದೂ, ನಾವೇ ಎಲ್ಲದರಲ್ಲಿ ಮೇಲೆಂದು ತಿಳಿಯುವುದೂ ಎರಡೂ ಅವಿಚಾರ.

ಬಿಯೆನ್ ಎಂಬ ಊರಿನ ರೂಢಿ ಬಹಳ ಸೊಗಸಾದುದು. ಜರ್ಮನ್ ಜನ ಅದನ್ನು ಬೀಲ್ ಎನ್ನುವರು. ಬೀದಿಯ ಫಲಕಗಳೆಲ್ಲ ಎರಡು ನುಡಿಗಳಲ್ಲಿ. ಇಬ್ಬರು ಅಪರಿಚಿತರು ಎದುರಾದಾಗ ಮೊದಲು ಮಾತನಾಡಿದವನು ಯಾವ ನುಡಿಯಲ್ಲಿ ಆರಂಭಿಸಿದನೋ ಅದೇ ನುಡಿಯಲ್ಲಿ ಮತ್ತೊಬ್ಬನೂ ಮುಂದುವರಿಸಲು ಯತ್ನಿಸುವನು. ಕಾನೂನಿಗಿಂತ ಈ ಸೌಜನ್ಯ ಹೆಚ್ಚು ಕೆಲಸ ಮಾಡುತ್ತದೆ.

ಎಲ್ಲವೂ ಸುಖವೆಂದಲ್ಲ. ಜ್ಯೂರಿಕ್ ಮೊದಲಾದ ಜರ್ಮನ್ ಕ್ಯಾಂಟನ್‌ಗಳು ಶಾಲೆಯಲ್ಲಿ ಫ್ರೆಂಚಿಗಿಂತ ಮೊದಲು ಇಂಗ್ಲಿಷನ್ನು ಕಲಿಸಲಾರಂಭಿಸಿದಾಗ ಫ್ರೆಂಚರಿಗೆ ನೋವಾಯಿತು. ಒಂದೇ ದೇಶದ ಇಬ್ಬರು ಯುವಕರು ತಮ್ಮ ನುಡಿಗಳೆರಡನ್ನೂ ಬಿಟ್ಟು ಇಂಗ್ಲಿಷಿನಲ್ಲಿ ಮಾತನಾಡಿಕೊಳ್ಳುವುದು ಈಗ ಅಪರೂಪವಲ್ಲ. ಮತ್ತೊಂದು ಸಂಗತಿಯನ್ನು ತಾಯಿತಂದೆಗಳು ಗಮನಿಸಬೇಕು. ಅಲ್ಲಿ ನೆಲದ ನುಡಿಯೇ ಸರ್ಕಾರಿ ಶಾಲೆಯ ನುಡಿ. ಬರ್ನ್ ನಗರದ ಜರ್ಮನ್ ಕುಟುಂಬ ಲೋಸಾನಿಗೆ ಹೋಗಿ ನೆಲಸಿದರೆ ಅವರ ಮಕ್ಕಳು ಫ್ರೆಂಚಿನಲ್ಲಿಯೇ ಓದಬೇಕು. ಬಿಯೆನ್, ಫ್ರಿಬೂರ್‌ಗಳಂಥ ದ್ವಿಭಾಷೆಯ ಊರುಗಳು ಮಾತ್ರ ಇದಕ್ಕೆ ಹೊರತು. ನಮ್ಮ ಸಂವಿಧಾನಕ್ಕೆ ೧೯೫೬ರಲ್ಲಿ ಸೇರಿಸಿದ ೩೫೦ಎ ವಿಧಿಯಾದರೋ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ತಕ್ಕ ಅನುಕೂಲ ಕಲ್ಪಿಸಲು ಪ್ರಯತ್ನಿಸಬೇಕೆಂದು ಪ್ರತಿಯೊಂದು ರಾಜ್ಯಕ್ಕೂ ಹೇಳಿದೆ. ಕಾಸರಗೋಡಿನಲ್ಲಿ, ತಾಳವಾಡಿಯಲ್ಲಿ, ಜತ್ತಿನಲ್ಲಿ ಕನ್ನಡ ಶಾಲೆಯ ಗಂಟೆ ಬಾರಿಸುತ್ತಿರುವುದು ಸಾಮಾನ್ಯ ಸಂಗತಿಯಲ್ಲ.

ಹಾಡಿನಲ್ಲಿ ಉಳಿದ ನುಡಿ

ಇಂದು ಫ್ರೆಂಚ್ ಆಡುವ ಈ ಸೀಮೆಯಲ್ಲಿ ಹಿಂದೆ ಜನಸಾಮಾನ್ಯರ ಮಾತು ಬೇರೆಯಾಗಿತ್ತು. ಜ್ಯೂರಾ ಸೀಮೆಯನ್ನು ಬಿಟ್ಟರೆ ಉಳಿದ ಹಳ್ಳಿಗಳಲ್ಲಿ ಫ್ರಾಂಕೊ-ಪ್ರೊವೆನ್ಸಾಲ್ ಎಂದು ವಿದ್ವಾಂಸರು ಕರೆಯುವ ನುಡಿಯ ಬಗೆಗಳನ್ನು ಆಡುತ್ತಿದ್ದರು. ೧೮೦೬ರಲ್ಲಿ ವೋ ಕ್ಯಾಂಟನ್ನಿನ ಸರ್ಕಾರ ಶಾಲೆಗಳಲ್ಲಿ ಅದನ್ನು ಆಡಕೂಡದೆಂದು ಆಜ್ಞೆ ಹೊರಡಿಸಿತು. ಶಾಲೆಯಲ್ಲಿ ನಿಷಿದ್ಧವಾದುದು ಕ್ರಮೇಣ ಮನೆಯಲ್ಲಿಯೂ ಅಗೌರವಕ್ಕೆ ಪಾತ್ರವಾಯಿತು. ಮಕ್ಕಳ ಏಳಿಗೆಗೆ ಅಡ್ಡಿಯಾದೀತೆಂದು ತಾಯಿತಂದೆಗಳೇ ಅದನ್ನು ಆಡಲೊಲ್ಲದಾದರು. ಈಗ ವಾಲೇ ಕ್ಯಾಂಟನ್ನಿನ ಎವೊಲೆನ್ ಎಂಬ ಬೆಟ್ಟದ ಊರಿನಂಥ ಕಡೆ ಮಾತ್ರ ಅದು ಮನೆಮಾತಾಗಿ ಉಳಿದುಬಂದಿದೆ.

ಜಿನೀವಾದ ಜನ ಪ್ರತಿ ಡಿಸೆಂಬರಿನಲ್ಲಿ “ಎಸ್ಕಲಾದ್” ಎಂಬ ಹಬ್ಬವನ್ನಾಚರಿಸುವರು. ೧೬೦೨ರ ಡಿಸೆಂಬರಿನ ಒಂದು ರಾತ್ರಿ ಸವಾಯ್ ದೊರೆಯ ಸೈನಿಕರು ಏಣಿ ಹಾಕಿ ಕೋಟೆಯನ್ನೇರಿದಾಗ ಊರವರು ಎದ್ದು ಅವರನ್ನು ಹಿಮ್ಮೆಟ್ಟಿಸಿದರು. ಒಬ್ಬ ಮುದುಕಿ ಕುದಿಯುವ ಸಾರಿನ ಪಾತ್ರೆಯನ್ನು ಶತ್ರುಗಳ ತಲೆಯ ಮೇಲೆ ಹಾಕಿದಳೆಂಬ ಐತಿಹ್ಯವಿದೆ. ಅದರ ನೆನಪಿಗೆ ಚಾಕೊಲೇಟಿನಿಂದ ಪಾತ್ರೆ ಮಾಡಿ, ಮನೆಯ ಅತಿ ಹಿರಿಯರೂ ಅತಿ ಕಿರಿಯರೂ ಕೈಸೇರಿಸಿ ಅದನ್ನು ಒಡೆದು ಹಂಚುವರು. ಆಗ ಹಾಡುವ ನಗರಗೀತೆ “ಸೆ ಕೆ ಲೆನೊ” ಆ ಹಳೆಯ ನುಡಿಯಲ್ಲಿದೆ. ಸಾವಿರಾರು ಜನ ಅದನ್ನು ಹಾಡುವರು. ಆದರೆ ನಗರದ ಬೀದಿಯಲ್ಲಿ ಆ ನುಡಿಯನ್ನು ಆಡುವವರಿಲ್ಲ. ಹಬ್ಬದ ದಿನದ ಹಾಡಿನಿಂದ ಮಾತ್ರ ನುಡಿ ಬದುಕಲಾರದು ಎಂಬುದಕ್ಕೆ ಈ ಹಾಡು ಸಾಕ್ಷಿ.

ನಾವು ಕಲಿಯಬೇಕಾದುದು

ಈ ವಿವರಗಳಿಂದ ಮೂರು ಮಾತುಗಳನ್ನು ಮನಸ್ಸಿನಲ್ಲಿಡಬೇಕು. ಮೊದಲನೆಯದು, ಹೊಸ ನಾಡಿನ ರೂಢಿಯೊಂದು ವಿಚಿತ್ರವೆನಿಸಿದಾಗ ನಗುವ ಮುನ್ನ ಅದರ ಕಾರಣವನ್ನು ಕೇಳಬೇಕು. ಕಾರಣ ತಿಳಿದ ಮೇಲೆ ನಮ್ಮ ರೂಢಿಯ ಕಾರಣವೂ ಹೊಳೆಯುವುದು. ಎರಡನೆಯದು, ಒಂದೇ ನುಡಿಯವರಲ್ಲಿಯೂ ನಡೆ ಬೇರೆಯಿರುವುದು ಸಹಜ; ರಾಜಧಾನಿಗೆ ದೂರವಿರುವವರ ಮಾತು ಕೀಳಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ನುಡಿಯ ಉಳಿವು ಅಂಗಡಿಯ ಲೆಕ್ಕದಲ್ಲಿ, ಊಟದ ಕರೆಯಲ್ಲಿ, ಮಗುವಿನ ಎಣಿಕೆಯಲ್ಲಿ ಇದೆ. ಸ್ವಿಸ್ ಫ್ರೆಂಚರು “ಸ್ವಾಸಾಂತ್-ದಿಸ್” ಎಂಬುದನ್ನು ಅರಿತೂ “ಸೆಪ್ತಾಂತ್” ಎನ್ನುತ್ತಿದ್ದಾರೆ. ಆದುದರಿಂದ ಅದು ಉಳಿದಿದೆ. ಅವರ ಪೂರ್ವಿಕರು ಹಳ್ಳಿಯ ನುಡಿಯನ್ನು ಮನೆಯಲ್ಲಿ ಆಡುವುದನ್ನು ಬಿಟ್ಟರು. ಆದುದರಿಂದ ಅದು ಹಾಡಿಗೆ ಮಾತ್ರ ಉಳಿಯಿತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ನೆರೆಯವರ ನುಡಿ, ಶಾಲೆಯಲ್ಲಿ ಎರಡೂ, ಮುಂದೆ ಜಗತ್ತಿನ ನುಡಿಗಳು ಎಂಬ ಕ್ರಮವನ್ನು ತಾಯಿತಂದೆಗಳು ಹಿಡಿದು ನಡೆಸಿದರೆ ಮಕ್ಕಳಿಗೆ ಯಾವುದೂ ಹೊರೆಯಾಗದು.

ವಿದ್ಯಾರ್ಥಿಗಳಿಗೆ ಅಭ್ಯಾಸ

೧. ನಿಮ್ಮ ಮನೆಯಲ್ಲಿ ಬಳಸುವ, ಆದರೆ ಪಠ್ಯಪುಸ್ತಕದಲ್ಲಿ ಕಾಣದ ಇಪ್ಪತ್ತು ಕನ್ನಡ ಶಬ್ದಗಳನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿರಿ.

೨. ಅವುಗಳಲ್ಲಿ ನೆರೆಯ ನುಡಿಯಿಂದ ಬಂದವು ಯಾವುವು? ಆ ನುಡಿಯ ಗೆಳೆಯರನ್ನು ಕೇಳಿ ತಿಳಿಯಿರಿ.

೩. ಅಂಗಡಿಯವರನ್ನು, ಬಸ್ಸಿನ ಕಂಡಕ್ಟರರನ್ನು, ನೆರೆಮನೆಯ ಹಿರಿಯರನ್ನು ನಿಮ್ಮ ಊರಿನಲ್ಲಿ ಹೇಗೆ ಕರೆಯುವರು? ನೆರೆಯ ನುಡಿಯವರು ಹೇಗೆ ಕರೆಯುವರು?

೪. ಬಿಯೆನ್ ಊರಿನ ರೂಢಿಯನ್ನು ಒಂದು ವಾರ ನಿಮ್ಮ ಆಟದ ಬಯಲಿನಲ್ಲಿ ಪಾಲಿಸಿ ನೋಡಿ, ಕಂಡುದನ್ನು ಒಂದು ಪುಟದಲ್ಲಿ ಬರೆಯಿರಿ.